ಆರದ ಎಂಜಿನ್ನಿಗೆ ಎತ್ತಿದ ಆರತಿ

ಓಬಳಯ್ಯ ಗಾಡಿಯನ್ನು ಕಣ್ಣಿನಿಂದ ನೋಡುತ್ತಿರಲಿಲ್ಲ, ಕಿವಿಯಿಂದ ನೋಡುತ್ತಿದ್ದ. ಯಾರಾದರೂ ಬೈಕು ತಂದು ಗ್ಯಾರೇಜಿನ ತಗಡಿನ ಚಪ್ಪರದ ಕೆಳಗೆ ನಿಲ್ಲಿಸಿ, ಅದರ ಕಷ್ಟ ಹೇಳಲು ಬಾಯಿ ತೆರೆದರೆ, "ನೀನ್ ಸುಮ್ಕಿರಪ್ಪ, ಅದೇ ಹೇಳ್ಲಿ" ಅನ್ನುತ್ತಿದ್ದ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿಕೊಂಡು, ಕಣ್ಣು ಮುಚ್ಚಿ ಕುಕ್ಕರಗಾಲಲ್ಲಿ ಕೂರುತ್ತಿದ್ದ. ನೋಡಿದವರಿಗೆ ಮಗುವಿನ ಎದೆಗೆ ಕಿವಿಯಿಟ್ಟು ಕೇಳುವ ಡಾಕ್ಟರ ಹಾಗೆ ಕಾಣುತ್ತಿದ್ದ. ಸ್ವಲ್ಪ ಹೊತ್ತಿನ ಮೇಲೆ ಎದ್ದು, ಎಲ್ಲಿ ಸವೆದಿದೆ, ಎಲ್ಲಿ ಸಡಿಲಾಗಿದೆ ಎಂದು ಹೇಳುತ್ತಿದ್ದ. ಅವನು ಹೇಳಿದ ಮೇಲೆ ಇನ್ನೊಬ್ಬರನ್ನು ಕೇಳುವ ಮಾತು ಮಧುಗಿರಿಯಲ್ಲಿ ಇರಲಿಲ್ಲ.

ಪಾವಗಡದ ರಸ್ತೆಯಲ್ಲಿ, ಊರು ಮುಗಿಯುವುದಕ್ಕೆ ಸ್ವಲ್ಪ ಮುಂಚೆ ಅವನ ಗ್ಯಾರೇಜು. ಹಿಂದೆಯೇ ಮನೆ. ಅವನ ಅಪ್ಪ ದೊಡ್ಡರಂಗಯ್ಯ, ತೆರೆದ ಬಾವಿಗಳಲ್ಲಿ ನೀರಿದ್ದ ಕಾಲದಲ್ಲಿ ಡೀಸೆಲ್ ಪಂಪ್‌ಸೆಟ್ಟು ರಿಪೇರಿ ಮಾಡುತ್ತಿದ್ದವನು. ಸಾಮಾನಿನ ಚೀಲವನ್ನು ಹೆಗಲಿಗೆ ಹಾಕಿಕೊಂಡು ತೋಟದಿಂದ ತೋಟಕ್ಕೆ ನಡೆದೇ ಹೋಗುತ್ತಿದ್ದ. ಬೋರ್‌ವೆಲ್ ಬಂದು, ಕರೆಂಟಿನ ಮೋಟರು ಬಂದು ಆ ಕೆಲಸ ಹೋಯಿತು. ಮಗ ಶಿರಾಕ್ಕೆ ಹೋಗಿ, ಅಲ್ಲಿ ಒಬ್ಬ ಉಸ್ತಾದರ ಹತ್ತಿರ ಬೈಕಿನ ಕೆಲಸ ಕಲಿತ. ಅವನ ಜೊತೆಯಲ್ಲೇ ಕಲಿತವನು ಚಾಂದ್‌ಪಾಷ. ಒಂದೇ ತಟ್ಟೆಯಲ್ಲಿ ಉಂಡವರು, ಒಂದೇ ಉಸ್ತಾದರ ಕೈಲಿ ತಲೆಗೆ ಮೊಟಕಿಸಿಕೊಂಡವರು. ಆಮೇಲೆ ಓಬಳಯ್ಯ ಮಧುಗಿರಿಗೆ ಬಂದ, ಚಾಂದ್‌ಪಾಷ ಶಿರಾದಲ್ಲೇ ಅಂಗಡಿ ಇಟ್ಟ.

ಈಚೆಗೆ ಬಂದ ಬೈಕುಗಳು ಓಬಳಯ್ಯನಿಗೆ ಒಗ್ಗಲಿಲ್ಲ. ಅವಕ್ಕೆ ಏನಾದರೂ ಆದರೆ ವೈರು ಚುಚ್ಚಿ ಕಂಪ್ಯೂಟರಿನಲ್ಲಿ ನೋಡಬೇಕಂತೆ. "ಅದ್ಕೆ ಬಾಯೇ ಇಲ್ಲ ಕಣಮ್ಮ, ನಾನೇನು ಕೇಳ್ಲಿ" ಎಂದು ಹೆಂಡತಿ ಈಶ್ವರಮ್ಮನ ಹತ್ತಿರ ಹೇಳುತ್ತಿದ್ದ. ಅವನ ಪ್ರಾಣವೆಲ್ಲ ಹಳೆಯ ಟೂ ಸ್ಟ್ರೋಕ್ ಬೈಕುಗಳ ಮೇಲೆ. ಕಂಪನಿಯವರು ಮಾಡುವುದನ್ನು ನಿಲ್ಲಿಸಿ ಎಷ್ಟೋ ಕಾಲವಾದರೂ ಹುಡುಗರು ಅವನ್ನು ಬಿಡಲಿಲ್ಲ. ಮಣ್ಣಿನ ಟ್ರ್ಯಾಕಿನಲ್ಲಿ ರೇಸು ಬಿಡುವವರಿಗಂತೂ ಅದೇ ಬೇಕು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕೂ ತಾಲ್ಲೂಕಿನ ಹುಡುಗರು ಸೇರಿ ವರ್ಷಕ್ಕೆ ನಾಲ್ಕು ರೇಸು ಇಟ್ಟುಕೊಂಡಿದ್ದರು. ನಾಲ್ಕರಲ್ಲೂ ಬಂದ ಪಾಯಿಂಟು ಕೂಡಿಸಿ ಕೊನೆಗೆ ಒಬ್ಬನಿಗೆ ಬಹುಮಾನದ ಕಪ್ಪು. ಶಿರಾದ ಟೀಮಿಗೆ ಚಾಂದ್‌ಪಾಷ ಎಂಜಿನ್ನು ಕಟ್ಟಿ ಕೊಡುತ್ತಿದ್ದ, ಮಧುಗಿರಿಯ ಟೀಮಿಗೆ ಓಬಳಯ್ಯ.

ಮಧುಗಿರಿಯ ಟೀಮೆಂದರೆ ಇಬ್ಬರೇ ಅನ್ನಬಹುದು. ಹೈಸ್ಕೂಲು ಮೇಷ್ಟ್ರು ಅಂಜನ್ ಕುಮಾರ್ ಟೀಮಿನ ಯಜಮಾನ, ಬೈಕು ಅವರದ್ದು. ಓಡಿಸುವವನು ಐ.ಡಿ.ಹಳ್ಳಿಯ ಯೋಗೀಶ. ಕುರಿ ಮೇಯಿಸುವವರ ಮನೆಯ ಹುಡುಗ. ಕುರಿಯ ಹಿಂದೆ ಕಲ್ಲು ಮುಳ್ಳಿನಲ್ಲಿ ಬೈಕು ಓಡಿಸಿಕೊಂಡೇ ಬೆಳೆದಿದ್ದರಿಂದ ನೆಲ ಎಲ್ಲಿ ಜಾರುತ್ತದೆ, ಎಲ್ಲಿ ಕಚ್ಚುತ್ತದೆ ಎಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಓಬಳಯ್ಯನನ್ನು ಅವನು ಮಾವ ಎಂದು ಕರೆಯುತ್ತಿದ್ದ. ನೆಂಟಸ್ತಿಕೆ ಏನೂ ಇಲ್ಲ, ಬಾಯಿಗೆ ಬಂದ ಮಾತು, ಹಾಗೇ ನಿಂತುಹೋಯಿತು.

ಆ ವರ್ಷ ಯೋಗೀಶನಿಗೆ ಸರ್ಕಾರಿ ಬಸ್ಸಿನ ಡ್ರೈವರ್ ಕೆಲಸದ ಆರ್ಡರು ಬಂದಿತ್ತು. ದಸರಾ ಕಳೆದ ಮೇಲೆ ಟ್ರೈನಿಂಗಿಗೆ ಹೋಗಬೇಕು. ಕೆಲಸಕ್ಕೆ ಸೇರಿದ ಮೇಲೆ ರೇಸು ಗೀಸು ಏನೂ ಇಲ್ಲ. ಬಿದ್ದು ಕೈಕಾಲು ಮುರಿದುಕೊಂಡರೆ ಕೆಲಸವೂ ಹೋಗುತ್ತದೆ. ಅವನ ತಾಯಿ ಗೌರಕ್ಕ ದೇವರ ಮುಂದೆ ಆಣೆ ಹಾಕಿಸಿಕೊಂಡಿದ್ದಳು. ಕಪ್ಪು ಗೆದ್ದರೆ ಆ ವರ್ಷವೇ ಗೆಲ್ಲಬೇಕು, ಇಲ್ಲವೆಂದರೆ ಇಲ್ಲ. ಇದು ಟೀಮಿಗೂ ಗೊತ್ತಿತ್ತು, ಓಬಳಯ್ಯನಿಗೂ ಗೊತ್ತಿತ್ತು.

ಮೊದಲ ರೇಸು ಪಾವಗಡದ ಕಡೆ, ವಳ್ಳೂರಿನ ಹತ್ತಿರ. ಸೋಲಾರ್ ಹಲಗೆಗಳ ಬೇಲಿಯಾಚೆ ಬೀಳುಬಿದ್ದ ಕೆಂಪು ನೆಲ. ಧೂಳಿನಲ್ಲಿ ಯಾವ ಬೈಕು ಯಾರದ್ದು ಎಂದೇ ಕಾಣುತ್ತಿರಲಿಲ್ಲ. ಮೈಕಿನವನು ಮಾತ್ರ ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಒದರುತ್ತಿದ್ದ. "ಚೂಡಂಡಿ, ನೋಡ್ರಪ್ಪೋ! ಮಧುಗಿರಿ ಹುಡ್ಗ ವಸ್ತುನ್ನಾಡು, ಬತ್ತಾವ್ನೆ! ದಾರಿ ಬುಡ್ರಪ್ಪೋ!" ಓಬಳಯ್ಯ ಧೂಳಿನ ಕಡೆ ನೋಡಲೇ ಇಲ್ಲ. ತಲೆ ಬಗ್ಗಿಸಿಕೊಂಡು ತನ್ನ ಎಂಜಿನ್ನಿನ ದನಿಯೊಂದನ್ನೇ ಹಿಡಿದುಕೊಂಡು ನಿಂತಿದ್ದ. ಆ ದನಿಯೇ ಮೊದಲು ಬಂತು.

ಗೆದ್ದ ಖುಷಿಗೆ ಅವನ ನಾಲಿಗೆ ಸ್ವಲ್ಪ ಉದ್ದವಾಯಿತು. ಟೀ ಅಂಗಡಿಯ ಮುಂದೆ ಚಾಂದ್‌ಪಾಷ ನಿಂತಿದ್ದ, ಸುತ್ತ ಜನ. "ಏನ್ ಪಾಷಾ, ಆ ಇಂಜಿನ್ನ ಯಾಕೆ ಇಲ್ಲೀಗಂಟ ತಂದೆ? ಮನೇಲಿ ಇಟ್ಟಿದ್ರೆ ಮಿಕ್ಸಿ ಬದ್ಲು ಚಟ್ನಿನಾದ್ರೂ ರುಬ್ಬೋದು" ಎಂದ. ಜನ ಹೋ ಎಂದು ನಕ್ಕರು. ಚಾಂದ್‌ಪಾಷನೂ ನಕ್ಕ. "ರುಬ್ತೀನಿ ಭಾಯ್. ಶಿರಾ ರೇಸಿಗೆ ಬಾ, ಇಡ್ಲಿನೂ ಇಡ್ತೀನಿ, ಚಟ್ನಿನೂ ಇಡ್ತೀನಿ" ಎಂದ. ನಕ್ಕನಾದರೂ ಗ್ಲಾಸಿನಲ್ಲಿದ್ದ ಅರ್ಧ ಟೀ ಚೆಲ್ಲಿ ಹೊರಟುಹೋದ. ಅದನ್ನು ಓಬಳಯ್ಯ ನೋಡಿದ. ಆಡಬಾರದಿತ್ತು ಎಂದು ಅಷ್ಟು ಹೊತ್ತಿಗೇ ಅನ್ನಿಸಿತು, ಆದರೆ ಆಡಿಯಾಗಿತ್ತು.

ಎರಡನೆಯ ರೇಸು ಮಧುಗಿರಿಯಲ್ಲಿ; ಯೋಗೀಶ ಎರಡನೆಯವನಾಗಿ ಬಂದ. ಮೂರನೆಯದು ಕೊರಟಗೆರೆಯಲ್ಲಿ, ಅಲ್ಲಿ ಮೊದಲಿಗನಾಗಿ ಬಂದನಾದರೂ, ಕೊನೆಯ ಸುತ್ತಿನಲ್ಲಿ ಎಂಜಿನ್ನಿನಿಂದ ಕರಕರ ಎಂದು ಶಬ್ದ ಬಂತು. ಬಿಚ್ಚಿ ನೋಡಿದರೆ ಪಿಸ್ಟನ್ನಿನ ರಿಂಗು ಮುರಿದು ಸಿಲಿಂಡರಿನ ಒಳಗೋಡೆಗೆ ಗೆರೆ ಬಿದ್ದಿತ್ತು. ಅದನ್ನು ಕೊರೆಸಿ ಅಗಲ ಮಾಡಿ, ದೊಡ್ಡ ಪಿಸ್ಟನ್ ಹಾಕಬೇಕು. ಆ ಅಳತೆಯ ಪಿಸ್ಟನ್ ಎಲ್ಲೂ ಸಿಗುತ್ತಿರಲಿಲ್ಲ.

ಲೆಕ್ಕದಲ್ಲಿ ಯೋಗೀಶನೇ ಮುಂದಿದ್ದ. ಶಿರಾ ರೇಸಿನಲ್ಲಿ ಮೊದಲ ಮೂವರಲ್ಲಿ ಒಬ್ಬನಾಗಿ ಬಂದರೆ ಸಾಕು, ಕಪ್ಪು ಅವನದೇ. ಆ ರೇಸು ವಿಜಯದಶಮಿಯ ದಿವಸ, ತಾವರೆಕೆರೆಯ ಗೋಮಾಳದಲ್ಲಿ.

ಅಂಜನ್ ಕುಮಾರ್ ಗ್ಯಾರೇಜಿಗೆ ಬಂದು, ಬಿಚ್ಚಿ ಹರಡಿದ್ದ ಸಾಮಾನು ನೋಡಿ, ಕೂರದೆ ನಿಂತೇ ಮಾತಾಡಿದರು.

"ಓಬಳಯ್ಯನೋರೆ, ನಿಮ್ಮ ಮನ್ಸಿಗೆ ಬೇಜಾರು ಮಾಡ್ಬೇಕು ಅಂತಲ್ಲ. ಪಿಸ್ಟನ್ ಸಿಗ್ದೆ ಹೋದ್ರೆ ಏನ್ ಮಾಡೋದು? ಚಾಂದ್‌ಪಾಷ ಸಿಕ್ಕಿದ್ದ. ಬೇಕಾದ್ರೆ ಒಂದು ಇಂಜಿನ್ ಕೊಡ್ತೀನಿ ಅಂದ."

"ಅವ್ನ ಟೀಮಿನ ಎದುರಿಗೆ ಓಡ್ಸೋಕೆ ಅವ್ನೇ ಇಂಜಿನ್ ಕೊಡ್ತಾನಾ ಸರ್? ಅದ್ರೊಳಗೆ ಏನು ಇಟ್ಟಿರ್ತಾನೋ."

"ಅಂಥೋನಲ್ಲ ಅವ್ನು."

"ನನ್ನ ಕೈ ಇನ್ನೂ ಸತ್ತಿಲ್ಲ ಸರ್" ಎಂದ ಓಬಳಯ್ಯ.

ಮೇಷ್ಟ್ರು ಯೋಗೀಶನ ಮುಖ ನೋಡಿದರು. ಯೋಗೀಶ ಚಪ್ಪರದ ಕಂಬಕ್ಕೆ ಒರಗಿ ಕಡಲೆಕಾಯಿ ಬಿಡಿಸಿ ತಿನ್ನುತ್ತಿದ್ದ. "ನಾನ್ ಓಡ್ಸಿದ್ರೆ ಮಾವನ್ ಇಂಜಿನ್ನೇ ಓಡ್ಸೋದು ಸರ್. ಬ್ಯಾರೇದ್ರ ದನಿ ನಂಗೆ ಗೊತ್ತಾಗಲ್ಲ" ಎಂದ. ಅಲ್ಲಿಗೆ ಆ ಮಾತು ಮುಗಿಯಿತು.

ಪಿಸ್ಟನ್ ಬೆಂಗಳೂರಿನ ಯಾವುದೋ ಹಳೇ ಅಂಗಡಿಯ ಅಟ್ಟದ ಮೇಲಿತ್ತಂತೆ. ಅದು ಮಧುಗಿರಿಗೆ ಬಂದು ಮುಟ್ಟಿದ್ದು ಆಯುಧಪೂಜೆಯ ಹಿಂದಿನ ದಿವಸ. ಸಿಲಿಂಡರನ್ನು ಅದರ ಅಳತೆಗೆ ಕೊರೆಸಿ ತಂದು, ಓಬಳಯ್ಯ ಊಟಕ್ಕೂ ಏಳದೆ ಎಂಜಿನ್ನು ಕಟ್ಟಿದ. ಒಂದೊಂದು ಸಾಮಾನನ್ನೂ ಪೆಟ್ರೋಲಿನಲ್ಲಿ ತೊಳೆದು, ಹೆಂಡತಿಯ ಹಳೇ ವಾಯಿಲ್ ಸೀರೆಯ ಚೂರಿನಿಂದ ಒರೆಸಿ, ಕೂರಿಸಬೇಕಾದ ಜಾಗದಲ್ಲಿ ಕೂರಿಸಿದ. ಸಿಲಿಂಡರಿನ ಬಾಯಿ ಮುಚ್ಚುವ ಹೆಡ್ಡನ್ನು ಇಟ್ಟು, ಅದರ ನಾಲ್ಕು ನಟ್ಟುಗಳನ್ನು ಎದುರು ಬದುರಾಗಿ, ಸ್ವಲ್ಪ ಸ್ವಲ್ಪವಾಗಿ ಬಿಗಿ ಮಾಡಿದ.

ಈ ಹೆಡ್ಡಿನ ನಟ್ಟಿನದ್ದು ಒಂದು ಕ್ರಮವಿದೆ. ಹೊಸದಾಗಿ ಕಟ್ಟಿದ ಎಂಜಿನ್ನನ್ನು ಸ್ಟಾರ್ಟ್ ಮಾಡಿ ಕಾಯಿಸಬೇಕು, ಆರಿಸಬೇಕು, ಮತ್ತೆ ಕಾಯಿಸಬೇಕು. ಹಾಗೆ ಕಾದು ಆರುವಾಗ ಹೆಡ್ಡಿನ ಕೆಳಗಿರುವ ತೆಳ್ಳನೆಯ ಗ್ಯಾಸ್ಕೆಟ್ ಕುಸಿದು ಕೂರುತ್ತದೆ. ಅದು ಕೂತಷ್ಟೂ ಮೇಲಿನ ನಟ್ಟು ಸಡಿಲಾಗುತ್ತದೆ. ಆದ್ದರಿಂದ ಎಂಜಿನ್ನು ಪೂರ್ತಿ ತಣ್ಣಗಾದ ಮೇಲೆ ಇನ್ನೊಂದು ಸಲ ನಟ್ಟು ಬಿಗಿ ಮಾಡಬೇಕು. ಬಿಸಿಯಲ್ಲಿ ಮಾಡಿದರೆ ಪ್ರಯೋಜನವಿಲ್ಲ. ಉಸ್ತಾದರು ಮೊದಲ ವರ್ಷವೇ ಹೇಳಿಕೊಟ್ಟ ಪಾಠ ಇದು. ಓಬಳಯ್ಯ ಅದನ್ನು ಒಂದು ಸಲವೂ ತಪ್ಪಿಸಿದವನಲ್ಲ.

ಆಯುಧಪೂಜೆಯ ದಿವಸ ಬೆಳಿಗ್ಗೆಯಿಂದ ಎಂಜಿನ್ನನ್ನು ಕಾಯಿಸುವುದು, ಆರಿಸುವುದು ನಡೆಯಿತು. ಈಶ್ವರಮ್ಮ ಚಪ್ಪರದ ನೆಲ ತೊಳೆದು ರಂಗೋಲಿ ಬಿಟ್ಟಳು, ಕಂಬಗಳಿಗೆ ಬಾಳೆಕಂದು ಕಟ್ಟಿದಳು. ಸ್ಪ್ಯಾನರು, ಸುತ್ತಿಗೆ, ಕಟಿಂಗ್ ಪ್ಲೇಯರು, ಒಂದನ್ನೂ ಬಿಡದೆ ಸೀಗೆಪುಡಿಯಲ್ಲಿ ಉಜ್ಜಿ ತೊಳೆದು, ಮಣೆಯ ಮೇಲೆ ಸಾಲಾಗಿ ಜೋಡಿಸಿದಳು. ಅರಿಶಿನ ಕುಂಕುಮ ಇಟ್ಟಳು. ಸೇವಂತಿಗೆ ಹೂವನ್ನು ತುಂಡು ಮಾಡಿ ಒಂದೊಂದರ ಮೇಲೂ ಇಟ್ಟಳು. ಅಷ್ಟರಲ್ಲಿ ಅಂಜನ್ ಕುಮಾರ್ ಗೂಡ್ಸ್ ಗಾಡಿ ತಂದು ನಿಲ್ಲಿಸಿದರು. ಬೈಕನ್ನು ಆವತ್ತೇ ತಾವರೆಕೆರೆಗೆ ಸಾಗಿಸಬೇಕು, ಸಂಜೆಯೊಳಗೆ ಅಲ್ಲಿ ಹೆಸರು ಬರೆಸಬೇಕು.

"ಏನ್ರಿ, ರಾಹುಕಾಲ ಬತ್ತಾ ಐತೆ. ಕಾಯಿ ಒಡೆಯೋದು ಯಾವಾಗ?" ಎಂದಳು ಈಶ್ವರಮ್ಮ.

"ಒಂದ್ ಗಳಿಗೆ ಇರು."

"ನಿಮ್ ಗಳಿಗೆ ನಂಗೊತ್ತಿಲ್ವಾ. ಸ್ನಾನ ಮಾಡ್ಕಂಡು ಬರ್ರಿ ಅಂದು ಎಷ್ಟೊತ್ತಾಯ್ತು. ಪಾಪ, ಗಾಡಿ ಡ್ರೈವರು ಕಾಯ್ತಾ ಅವ್ನೆ."

ಓಬಳಯ್ಯ ಎಂಜಿನ್ನನ್ನು ಕೊನೆಯ ಸಲ ಕಾಯಿಸಿ ನಿಲ್ಲಿಸಿ, ಸ್ನಾನಕ್ಕೆ ಹೋದ. ಬಂದು, ಪಂಚೆ ಉಟ್ಟು, ವಿಭೂತಿ ಇಟ್ಟುಕೊಂಡು ಪೂಜೆಗೆ ನಿಂತ. ಕಾಯಿ ಒಡೆದ. ಕರ್ಪೂರ ಹಚ್ಚಿ ಮೊದಲು ಮಣೆಯ ಮೇಲಿದ್ದ ಸಾಮಾನಿಗೆ ಆರತಿ ಎತ್ತಿದ, ಆಮೇಲೆ ಬೈಕಿಗೆ. ತಟ್ಟೆಯನ್ನು ಎಂಜಿನ್ನಿನ ಹತ್ತಿರ ತಂದಾಗ ಕೈಗೆ ಬಿಸಿ ತಾಗಿತು. ಕರ್ಪೂರದ ಬಿಸಿಯಲ್ಲ, ಎಂಜಿನ್ನಿನದು. ಅದು ಇನ್ನೂ ಆರಿರಲಿಲ್ಲ.

ಆಗ ಅವನಿಗೆ ನಟ್ಟು ನೆನಪಾಯಿತು.

ಪೂಜೆಗೆ ಮೊದಲೇ ಆರಿಸಿ ಬಿಗಿ ಮಾಡಿಕೊಳ್ಳಬೇಕಾಗಿತ್ತು. ಈಗ ಸ್ಪ್ಯಾನರು ಪೂಜೆಯಲ್ಲಿದೆ. ಅವರ ಮನೆಯಲ್ಲಿ ಪೂಜೆಗೆ ಇಟ್ಟ ಸಾಮಾನನ್ನು ಮಾರನೆಯ ದಿವಸ, ದಶಮಿಯ ಸಂಜೆ ಬನ್ನಿ ತಂದು ಅದರ ಮೇಲೆ ಇಟ್ಟ ಮೇಲೆಯೇ ಎತ್ತುವುದು. ಬೇರೆಯವರು ಬೆಳಿಗ್ಗೆಯೇ ಎತ್ತುತ್ತಾರೆ; ಇವರ ಮನೆಯಲ್ಲಿ ಇಲ್ಲ. ಅದಕ್ಕೆ ಕಾರಣವೂ ಇತ್ತು. ದೊಡ್ಡರಂಗಯ್ಯ ಒಂದು ವರ್ಷ ಯಾರೋ ಬೆಳೆ ಒಣಗುತ್ತಿದೆ ಎಂದು ಕಾಲು ಹಿಡಿದರೆಂದು ಪೂಜೆಯ ಸ್ಪ್ಯಾನರು ಎತ್ತಿಕೊಂಡು ಹೋಗಿದ್ದ. ಆ ದಿವಸವೇ ಪಂಪಿನ ಬೆಲ್ಟಿಗೆ ಅವನ ಎರಡು ಬೆರಳು ಹೋದವು. ಓಬಳಯ್ಯ ಚಿಕ್ಕವನಿದ್ದಾಗ ಆ ಮೊಂಡು ಕೈಯಿಂದಲೇ ಅಪ್ಪ ಅವನಿಗೆ ಅನ್ನ ಕಲಸಿ ತಿನ್ನಿಸಿದ್ದು.

ಆದರೂ ಅವನ ಕೈ ಮಣೆಯ ಕಡೆ ಹೋಯಿತು. ಈಶ್ವರಮ್ಮ ಕಂಡಳು.

"ಅಯ್ಯೋ ಮುಟ್ಬ್ಯಾಡ್ರಿ! ಮಾವಯ್ಯನ ಕೈ ಮರ್ತೋಯ್ತಾ ನಿಮ್ಗೆ?"

ಅವನು ಕೈ ಹಿಂದಕ್ಕೆ ತೆಗೆದುಕೊಂಡ. ಅಂಜನ್ ಕುಮಾರ್ ಪ್ರಸಾದದ ಕಡ್ಲೆಪುರಿ ತಿನ್ನುತ್ತಾ, "ಏನಾಯ್ತು ಓಬಳಯ್ಯನೋರೆ?" ಎಂದರು. ಅವರ ಮನೆಯಲ್ಲಿ ಈ ಪೂಜೆಯ ಕಟ್ಟಲೆಗಳಿರಲಿಲ್ಲ. ಹೀಗೆ ಹೀಗೆ ಎಂದು ಬಾಯಿ ಬಿಟ್ಟಿದ್ದರೆ ಹತ್ತಿರದ ಯಾವುದಾದರೂ ಅಂಗಡಿಯಿಂದ ಹೊಸ ಸ್ಪ್ಯಾನರನ್ನೇ ತಂದು, ತಾವಾದರೂ ಬಿಗಿ ಮಾಡುತ್ತಿದ್ದರು. ಆದರೆ ತನ್ನ ಎಂಜಿನ್ನಿನ ನಟ್ಟಿಗೆ ಇನ್ನೊಬ್ಬರ ಕೈ ಹಾಕಿಸುವುದು ಓಬಳಯ್ಯನಿಗೆ ಒಪ್ಪುವ ಮಾತೇ ಅಲ್ಲ. ಅದಕ್ಕಿಂತ ಹೆಚ್ಚಾಗಿ, ಮರೆತೆ ಎಂದು ಮೇಷ್ಟ್ರ ಮುಂದೆ ಹೇಳಬೇಕಾಗಿತ್ತು. ಬೇರೆ ಕಡೆ ನೋಡೋಣವೇ ಎಂದು ಕೇಳಿದ ಮೇಷ್ಟ್ರ ಮುಂದೆ.

"ಏನಿಲ್ಲ ಸರ್. ಗಾಡಿಗೆ ಏರ್ಸಿ" ಎಂದ.

ಮಾರನೆಯ ದಿವಸ ಬೆಳಗಿನ ಬಸ್ಸಿಗೆ ಅವನು ತಾವರೆಕೆರೆಗೆ ಹೋದ. ಬಸ್ಸಿನಲ್ಲಿ ಕೂತು, ತಾನು ಮೊದಲು ಮಾಡಿದ ಬಿಗಿಯನ್ನೇ ಮನಸ್ಸಿನಲ್ಲಿ ಮತ್ತೆ ಮತ್ತೆ ಮಾಡಿದ. ಗಟ್ಟಿಯಾಗೇ ಮಾಡಿದ್ದೆ, ಏನೂ ಆಗುವುದಿಲ್ಲ ಎಂದು ತನಗೆ ತಾನೇ ಹೇಳಿಕೊಂಡ.

ಬರಿಗೈಲಿ ಬಂದ ಅವನನ್ನು ನೋಡಿ ಯೋಗೀಶ ನಕ್ಕ. "ಏನ್ ಮಾವ, ನೆಂಟರ ಮನೆಗೆ ಬಂದಂಗೆ ಬಂದಿದೀರಿ. ಸಾಮಾನೆಲ್ಲಿ?"

"ಪೂಜೆಗವೆ ಕಣ್ಲಾ. ಸಾಯಂಕಾಲದ್ಗಂಟ ಎತ್ತಂಗಿಲ್ಲ."

ಮೇಷ್ಟ್ರಿಗೆ ಗಾಬರಿಯಾಯಿತು. "ಮತ್ತೆ ಏನಾದ್ರೂ ಬೇಕಾದ್ರೆ? ಇಲ್ಲೇ ಯಾರನ್ನಾದ್ರೂ ಕೇಳಿ ಇಸ್ಕೊಂಡಿರ್ತೀನಿ."

"ಬ್ಯಾಡ ಸರ್. ಬೇಕಾಗಲ್ಲ."

ಮೊದಲು ಅರ್ಹತೆಯ ಓಟ, ಮೂರೇ ಸುತ್ತು. ಯೋಗೀಶ ಮೈ ನೋಯಿಸಿಕೊಳ್ಳದೆ ಎರಡನೆಯವನಾಗಿ ಬಂದು ಬೈಕನ್ನು ಬೇವಿನ ಮರದ ನೆರಳಿಗೆ ತಂದು ನಿಲ್ಲಿಸಿ, ನೀರು ಕುಡಿಯಲು ಹೋದ. ಓಬಳಯ್ಯ ಬೈಕಿನ ಮುಂದೆ ಕುಕ್ಕರಗಾಲಲ್ಲಿ ಕೂತ. ಹೆಡ್ಡಿಗೂ ಸಿಲಿಂಡರಿಗೂ ನಡುವಿನ ಸಂದಿನಲ್ಲಿ, ಬಲಗಡೆಯ ಮುಂದಿನ ನಟ್ಟಿನ ಕೆಳಗೆ, ಎಣ್ಣೆ ಜಿನುಗಿ ಕಪ್ಪಗೆ ಒದ್ದೆಯಾಗಿತ್ತು. ಒಂದು ಹುಣಿಸೆ ಬೀಜದಷ್ಟು. ಬೇರೆಯವರಾದರೆ ಧೂಳು ಎಂದುಕೊಳ್ಳುತ್ತಿದ್ದರು.

ಅವನು ತಲೆಯೆತ್ತಿ ಸುತ್ತ ನೋಡಿದ.

ಆ ಮರದ ಆ ಕಡೆಗೇ ಶಿರಾ ಟೀಮಿನ ಟಾರ್ಪಾಲು. ಅದರ ಕೆಳಗೆ ಚಾಂದ್‌ಪಾಷ ಗೋಣಿತಾಟಿನ ಮೇಲೆ ಸ್ಪ್ಯಾನರುಗಳನ್ನು ಸಾಲಾಗಿ ಹರಡಿಕೊಂಡು ಕೂತಿದ್ದ. ಅವನ ಸಾಮಾನಿಗೆ ಯಾವ ಪೂಜೆಯೂ ಇಲ್ಲ, ಯಾವ ತಡೆಯೂ ಇಲ್ಲ. ಕೊನೆಯ ಓಟಕ್ಕೆ ಇನ್ನೂ ಹೊತ್ತಿತ್ತು. ಕಡೆಯ ಕರೆ ಬರುವವರೆಗೆ ಒದ್ದೆ ಬಟ್ಟೆ ಸುತ್ತಿ ತಣಿಸಿದರೆ ಪೂರ್ತಿ ಅಲ್ಲದಿದ್ದರೂ ಸುಮಾರಾಗಿ ಆರುತ್ತಿತ್ತು. ಎದ್ದು ಹೋಗಿ, "ಪಾಷಾ, ಒಂದು ಸ್ಪ್ಯಾನರು ಕೊಡು" ಎಂದರೆ ಆಯಿತು. ಓಬಳಯ್ಯ ಎದ್ದ. ಎರಡು ಹೆಜ್ಜೆ ಹೋದ. ಚಾಂದ್‌ಪಾಷನ ಸುತ್ತ ಶಿರಾದ ಹುಡುಗರು ಗುಂಪು ಕೂಡಿದ್ದರು. ಅವರಲ್ಲಿ ಒಬ್ಬ ಇವನನ್ನು ಕಂಡು, "ಬನ್ನಿ ಉಸ್ತಾದ್, ಚಟ್ನಿ ರೆಡಿ ಐತೆ!" ಎಂದು ಕೂಗಿದ. ಎಲ್ಲರೂ ನಕ್ಕರು. ಚಾಂದ್‌ಪಾಷ ಆ ಹುಡುಗನ ತಲೆಗೊಂದು ಮೊಟಕಿ, "ಚುಪ್" ಎಂದ. ಆದರೆ ಓಬಳಯ್ಯ ಆಗಲೇ ಹಿಂದಕ್ಕೆ ತಿರುಗಿಬಿಟ್ಟಿದ್ದ.

ಯೋಗೀಶ ನೀರಿನ ಬಾಟಲಿ ಹಿಡಿದು ಬಂದ. "ಮಾವ, ಇಂಜಿನ್ನು ಸರಿಯಾಗೈತಾ? ಎಲ್ಲಾ ನೋಡಿದ್ರಾ?"

ಓಬಳಯ್ಯ ಹೆಗಲ ಮೇಲಿನ ಟವಲು ತೆಗೆದು ಆ ಎಣ್ಣೆಯ ಕಲೆಯನ್ನು ಒರೆಸಿದ.

"ಐತೆ. ಸರಿಯಾಗೈತೆ. ಪೂಜೇಲಿ ದೀಪದೆಣ್ಣೆ ಚೆಲ್ಲಿತ್ತು, ಅಷ್ಟೇಯ" ಎಂದ. ಆಮೇಲೆ, "ಶುರುನಲ್ಲಿ ನಿಧಾನಕ್ಕೆ ಎಳಿ. ಮೂರನೆಯೋನಾದ್ರೂ ಸಾಕು ಕಣ್ಲಾ" ಎಂದು ಸೇರಿಸಿದ.

"ಆಯ್ತು ಬುಡಿ ಮಾವ" ಎಂದು ಯೋಗೀಶ ಹೆಲ್ಮೆಟ್ ಹಾಕಿಕೊಂಡ.

ಓಟ ಶುರುವಾಯಿತು. ಎಂಟು ಸುತ್ತಿನ ಓಟ. ಮೊದಲ ನಾಲ್ಕು ಸುತ್ತು ಯೋಗೀಶ ಎರಡನೆಯ ಜಾಗದಲ್ಲಿ ಸುಖವಾಗಿ ಹೋಗುತ್ತಿದ್ದ. ಮೇಷ್ಟ್ರು ಮಗುವಿನ ಹಾಗೆ ಕುಣಿಯುತ್ತಿದ್ದರು. ಓಬಳಯ್ಯ ತಲೆ ಬಗ್ಗಿಸಿ ಕೇಳುತ್ತಿದ್ದ. ಐದನೆಯ ಸುತ್ತಿನಲ್ಲಿ, ಅಷ್ಟೊಂದು ಬೈಕುಗಳ ಅಬ್ಬರದ ನಡುವೆ, ಅವನಿಗೆ ಮಾತ್ರ ಕೇಳಿಸಿತು. ಅಕ್ಕಿ ಬೇಯುವ ಪಾತ್ರೆಯ ಮುಚ್ಚಳದ ಸಂದಿನಿಂದ ಹಬೆ ಹೋಗುವಾಗ ಬರುವಂಥ ಚುಸ್ ಚುಸ್ ಎಂಬ ಶಬ್ದ. ಎಂಜಿನ್ನಿನ ಉಸಿರು ಹೊರಗೆ ಹೋಗುತ್ತಿತ್ತು. ಆಮೇಲೆ ಎಲ್ಲರಿಗೂ ಕಾಣಿಸಿತು. ಏರಿನಲ್ಲಿ ಬೈಕು ಏದುಸಿರು ಬಿಟ್ಟಿತು. ಒಬ್ಬ ದಾಟಿಕೊಂಡು ಹೋದ, ಇನ್ನೊಬ್ಬ ಹೋದ. ಯೋಗೀಶ ಮೈಯೆಲ್ಲ ಬೈಕಿನ ಮೇಲೆ ಬಾಗಿಸಿ, ಜಾರುವ ಕಡೆಯಲ್ಲೂ ಕೈ ಸಡಿಲಿಸದೆ ಎರಡು ಸುತ್ತು ನಾಲ್ಕನೆಯ ಜಾಗವನ್ನು ಹಿಡಿದುಕೊಂಡಿದ್ದ. ಕೊನೆಯ ಸುತ್ತಿನ ಅರ್ಧಕ್ಕೆ ಎಂಜಿನ್ನು ಕಚ್ಚಿಕೊಂಡು ನಿಂತೇ ಹೋಯಿತು. ಅವನು ಇಳಿದು ತಳ್ಳಿದ. ಉಳಿದವರೆಲ್ಲ ಮುಗಿಸಿದ ಮೇಲೂ ತಳ್ಳಿಕೊಂಡು ಬಂದು, ಸುಣ್ಣದ ಗೆರೆಯನ್ನು ದಾಟಿಸಿಯೇ ಬೈಕು ನಿಲ್ಲಿಸಿದ.

ಕಪ್ಪು ಶಿರಾಕ್ಕೆ ಹೋಯಿತು.

ಯೋಗೀಶನ ಮುಖದ ಮೇಲೆ ಧೂಳು, ಬೆವರು. ಅತ್ತಿದ್ದರೂ ಗೊತ್ತಾಗುವಂತಿರಲಿಲ್ಲ. "ನಾನೇ ಜಾಸ್ತಿ ಎಳ್ದ್ಬುಟ್ಟೆ ಮಾವ. ನೀವು ನಿಧಾನ ಅಂದ್ರಿ, ಕೇಳ್ಲಿಲ್ಲ" ಎಂದ. ಮೇಷ್ಟ್ರು ಅವನ ಬೆನ್ನು ಸವರಿ, "ಹೋಗ್ಲಿ ಬುಡೋ. ಹೊಸ ಪಿಸ್ಟನ್, ಪಾಪ ಅವ್ರು ತಾನೆ ಏನ್ ಮಾಡ್ತಾರೆ" ಎಂದರು. ಓಬಳಯ್ಯ ಆಗ ಹೇಳಬೇಕಾಗಿತ್ತು. ಬಗ್ಗಿ ಚಕ್ರದ ಮಣ್ಣು ಕೆರೆಯತೊಡಗಿದ.

ಅವರಿಬ್ಬರೂ ಆ ಕಡೆ ಹೋದ ಮೇಲೆ ಚಾಂದ್‌ಪಾಷ ಬಂದ. ಮಾತಿಲ್ಲದೆ ಎಂಜಿನ್ನಿನ ಮುಂದೆ ಕೂತು, ಹೆಡ್ಡಿನ ಸಂದಿನ ಮೇಲೆ ಬೆರಳು ಆಡಿಸಿ, ಬೆರಳಿಗೆ ಅಂಟಿದ ಕಪ್ಪನ್ನು ನೋಡಿದ. ಹುಡುಗರಿಗೆ ಕೇಳಿಸದ ಹಾಗೆ ಮೆಲ್ಲಗೆ ಹೇಳಿದ.

"ನಟ್ಟು ಢೀಲಾ ಇತ್ತು. ನಿಂಗೆ ಗೊತ್ತಿತ್ತು. ಎದ್ದು ಬಂದೆ, ವಾಪಸ್ ಹೋದೆ, ನಾನು ನೋಡ್ದೆ."

ಓಬಳಯ್ಯ ಹೆಗಲ ಮೇಲಿನ ಟವಲನ್ನು ತೆಗೆದು, ಎಣ್ಣೆಯ ಕಲೆ ಒಳಗಾಗುವಂತೆ ಮಡಿಸಿದ.

"ಅರೇ, ಕೇಳಿದ್ರೆ ನಾನು ಇಲ್ಲ ಅಂತಿದ್ನಾ ಭಾಯ್? ನಾನೇ ಎದ್ದು ಬರ್ಬೇಕಿತ್ತು. ನಾನೂ ಬರ್ಲಿಲ್ಲ" ಎಂದು ಎದ್ದು, ಬೆರಳನ್ನು ತನ್ನ ಪ್ಯಾಂಟಿಗೆ ಒರೆಸಿಕೊಂಡು ಹೋದ. ಗೆದ್ದವನ ನಡಿಗೆ ಆಗಿರಲಿಲ್ಲ ಅದು.

ಸಂಜೆ ಬೈಕು ಗ್ಯಾರೇಜಿಗೆ ಬಂತು. ಬನ್ನಿ ಸೊಪ್ಪು ತಂದು ಸಾಮಾನಿನ ಮೇಲೆ ಇಟ್ಟು ಕೈಮುಗಿದ ಓಬಳಯ್ಯ, ಹೂವನ್ನು ಪಕ್ಕಕ್ಕೆ ಸರಿಸಿ ಸ್ಪ್ಯಾನರು ಎತ್ತಿಕೊಂಡ. ಬಲಗಡೆಯ ಮುಂದಿನ ನಟ್ಟಿಗೆ ಹಾಕಿ ತಿರುಗಿಸಿದ. ಎರಡು ಬೆರಳ ಬಲಕ್ಕೇ ತಿರುಗಿತು. ಕಾಲು ಸುತ್ತು. ಅಷ್ಟು ಸಾಕಾಗಿತ್ತು.

ಈಶ್ವರಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅವಳಿಗೆ ಎಂಜಿನ್ನಿನ ವಿಷಯ ಗೊತ್ತಿಲ್ಲದಿದ್ದರೂ ಗಂಡನ ಬೆನ್ನು ಗೊತ್ತಿತ್ತು.

"ನಾನು ಮುಟ್ಬ್ಯಾಡ ಅಂದಿದ್ಕಾ?" ಎಂದಳು.

"ಇಲ್ಲ ಕಣೆ. ಸ್ಪ್ಯಾನರು ಮುಟ್ಬ್ಯಾಡ ಅಂದೆ, ಸರಿ. ಬಾಯಿ ಬುಡಬ್ಯಾಡ ಅಂತ ನೀನ್ ಅಂದ್ಯಾ?"

ಅವಳು ಬಂದು ಅವನ ಪಕ್ಕದಲ್ಲಿ ನೆಲದ ಮೇಲೆ ಕೂತಳು. ಬೆಲ್ಲದ ಪಾನಕ ತಂದಿದ್ದಳು. ಅವನು ಕುಡಿಯಲಿಲ್ಲ, ಅವಳೂ ಬಲವಂತ ಮಾಡಲಿಲ್ಲ.

ದಸರಾ ಕಳೆದ ಮೇಲೆ ಯೋಗೀಶ ಟ್ರೈನಿಂಗಿಗೆ ಹೋದ. ಹೋಗುವ ಮುಂಚೆ ಗ್ಯಾರೇಜಿಗೆ ಬಂದು ಗಂಡಹೆಂಡಿರ ಕಾಲಿಗೆ ನಮಸ್ಕಾರ ಮಾಡಿದ. ಆಗಲೂ ಓಬಳಯ್ಯ ಹೇಳಲಿಲ್ಲ. ಒಳ್ಳೆಯ ಕೆಲಸಕ್ಕೆ ಹೋಗುವ ಹುಡುಗನ ಮುಂದೆ ಯಾಕೆ ಎಂದು ನೆಪ ಹೇಳಿಕೊಂಡ. ಮೇಷ್ಟ್ರು ಮುಂದಿನ ವರ್ಷ ಬೇರೆ ಹುಡುಗನನ್ನು ಹುಡುಕಿ, ಎಂಜಿನ್ನಿಗೆ ಇವನನ್ನೇ ಕೇಳಿದರು. "ನನ್ನ ಕೈಲಾಗಲ್ಲ ಸರ್, ಶಿರಾದಲ್ಲಿ ಮಾಡ್ಸಿ" ಎಂದ. ವಯಸ್ಸಾಯಿತು ಅಂತ ಮೇಷ್ಟ್ರು ಅಂದುಕೊಂಡರು. ಗ್ಯಾರೇಜಿಗೆ ಈಗಲೂ ಜನ ಬರುತ್ತಾರೆ. ಅವನು ಕಿವಿಯಿಟ್ಟು ಕೇಳುತ್ತಾನೆ, ಆದರೆ "ಅದೇ ಹೇಳ್ಲಿ" ಎಂದು ಜಂಬದಿಂದ ಹೇಳುವುದನ್ನು ಬಿಟ್ಟಿದ್ದಾನೆ. ರಿಪೇರಿ ಮಾಡಿ ಮುಗಿಸಿದ ಗಾಡಿಯನ್ನು ಕೊಡದೆ, ಇನ್ನೊಂದು ಸಲ ನೋಡುತ್ತೇನೆ, ನಾಳೆ ಬನ್ನಿ ಎನ್ನುತ್ತಾನೆ. ಗಿರಾಕಿಗಳು ಬೈದುಕೊಳ್ಳುತ್ತಾರೆ.

ಯೋಗೀಶನಿಗೆ ಮಧುಗಿರಿ ಪಾವಗಡ ದಾರಿಯ ಬಸ್ಸು ಸಿಕ್ಕಿತು ಎಂದು ಸುದ್ದಿ ಬಂದಾಗ ಓಬಳಯ್ಯನಿಗೆ ಇನ್ನು ತಡೆದುಕೊಳ್ಳಲಾಗಲಿಲ್ಲ. ಒಂದು ದಿವಸ ಅಂಗಡಿ ಮುಚ್ಚಿ, ಬಿಳಿ ಅಂಗಿ ಹಾಕಿಕೊಂಡು ಆ ಬಸ್ಸು ಹತ್ತಿದ. ಡ್ರೈವರಿನ ಹಿಂದಿನ ಸೀಟಿನಲ್ಲೇ ಕೂತ. ಖಾಕಿ ಬಟ್ಟೆಯಲ್ಲಿ ಯೋಗೀಶ ದೊಡ್ಡವನಾಗಿ ಕಾಣುತ್ತಿದ್ದ. "ಎಲ್ಲಿಗ್ ಮಾವ ಸವಾರಿ?" ಎಂದು ಕನ್ನಡಿಯಲ್ಲೇ ನೋಡಿ ನಕ್ಕ. ದಾರಿಯುದ್ದಕ್ಕೂ ಮಾತಾಡುವಂತಿರಲಿಲ್ಲ. ಪಾವಗಡದ ಸ್ಟ್ಯಾಂಡಿನಲ್ಲಿ ಬಸ್ಸು ನಿಂತ ಮೇಲೆ ಇಬ್ಬರೂ ಟೀಗೆ ಹೋದರು. ಅಲ್ಲಿ ಓಬಳಯ್ಯ ಎಲ್ಲವನ್ನೂ ಹೇಳಿದ. ಬಿಸಿ ಎಂಜಿನ್ನು, ಮಣೆಯ ಮೇಲಿನ ಸ್ಪ್ಯಾನರು, ಚಾಂದ್‌ಪಾಷನ ಹತ್ತಿರ ಹೋಗದೆ ತಿರುಗಿದ್ದು, ಒರೆಸಿದ್ದು, ಯಾವುದನ್ನೂ ಬಿಡಲಿಲ್ಲ, ಯಾವುದಕ್ಕೂ ಬಣ್ಣ ಹಚ್ಚಲಿಲ್ಲ.

ಯೋಗೀಶ ಆರಿಹೋಗಿದ್ದ ಟೀಯನ್ನು ಒಂದೇ ಗುಟುಕಿಗೆ ಕುಡಿದ.

"ಒರೆಸಿದ್ದು ನಾನ್ ನೋಡ್ದೆ ಮಾವ" ಎಂದ. "ದೀಪದೆಣ್ಣೆ ಅಂಗೆ ಕಪ್ಪಗಿರಲ್ಲ. ನಂಗೂ ಗೊತ್ತು."

"ಮತ್ತೆ ಯಾಕ್ಲಾ ಕೇಳ್ಲಿಲ್ಲ ನನ್ನ?"

"ಕೇಳ್ದೆ. ಸರಿಯಾಗೈತಾ ಅಂತ ಕೇಳ್ದೆ. ಐತೆ ಅಂದ್ರಿ. ನೀವು ಐತೆ ಅಂದ್ಮ್ಯಾಲೆ ಇನ್ನೇನ್ ಕೇಳ್ಲಿ?"

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಓಬಳಯ್ಯನಿಗೆ ಎಷ್ಟೋ ಹಗುರವಾಗುತ್ತಿತ್ತು. ಬೈಗುಳ ತಿನ್ನುವುದಕ್ಕೆಂದು ಅಷ್ಟು ದೂರ ಬಂದಿದ್ದ. ಕಂಡಕ್ಟರ್ ಸೀಟಿ ಊದಿದ. ಯೋಗೀಶ ಗ್ಲಾಸು ಇಟ್ಟು, "ಬರ್ರಿ ಮಾವ, ಇದೇ ಬಸ್ಸಿಗೇ ವಾಪಸ್ ಹೋಗಾನ. ಅತ್ತೆ ಕಾಯ್ತಾ ಇರ್ತಾರೆ" ಎಂದು ಮುಂದೆ ನಡೆದ.

ಮುಂದಿನ ಸೀಟು ಖಾಲಿಯಿತ್ತು. ಓಬಳಯ್ಯ ಅದನ್ನು ದಾಟಿಕೊಂಡು ಹೋಗಿ ಕಟ್ಟಕಡೆಯ ಸೀಟಿನಲ್ಲಿ, ಕಿಟಕಿಯ ಪಕ್ಕ ಕೂತ. ಆ ಸೀಟಿನಲ್ಲಿ ಕೂತವರನ್ನು ಬಸ್ಸು ಎತ್ತಿ ಎತ್ತಿ ಹಾಕುತ್ತದೆ ಎಂದು ಅವನಿಗೆ ಗೊತ್ತಿತ್ತು, ಅದಕ್ಕೇ ಅಲ್ಲಿ ಕೂತ. ಆದರೆ ದಾರಿಯಲ್ಲಿ ಗುಂಡಿ ಬಂದಾಗಲೆಲ್ಲ ಯೋಗೀಶ ಗೇರು ಇಳಿಸಿ, ಬಸ್ಸನ್ನು ಮೆಲ್ಲಗೆ, ತೊಟ್ಟಿಲು ತೂಗಿದ ಹಾಗೆ ದಾಟಿಸುತ್ತಿದ್ದ. ಮಧುಗಿರಿ ಬರುವವರೆಗೂ ಒಂದು ಸಲವೂ ಎತ್ತಿ ಹಾಕಲಿಲ್ಲ.